ಯಾರನ್ನೂ ಹಿಡಿದಿಡದ ಬಸಲಿಂಗಪ್ಪನವರು

ಕೆಲಸ ಬಿಟ್ಟು ಹೋಗುವವನ ಟ್ರಂಕು ಹಿಡಿದು ಶಹಾಬಾದ್ ಸ್ಟೇಷನ್ನಿನವರೆಗೂ ಬಂದು, ಅವನಿಗೆ ಕಿಟಕಿಯ ಪಕ್ಕ ಜಾಗ ಹಿಡಿದುಕೊಡುವ ಮಾಲೀಕರನ್ನು ನಾನು ಜನ್ಮದಲ್ಲಿ ಕಂಡದ್ದು ಒಬ್ಬರನ್ನೇ. ಅವರು ನಮ್ಮ ಬಸಲಿಂಗಪ್ಪನವರು.

ನಿಜಾಮರ ಆಳ್ವಿಕೆ ಮುಗಿದ ಹೊಸತು. ಕಲ್ಲಿನ ಗಣಿಯವರಿಗೆ, ಬೇಳೆ ಗಿರಣಿಯವರಿಗೆ ಕಾರಭಾರ ಹೇಗೆ ನಡೆಸಬೇಕು, ಯಾವ ಕೆಲಸಕ್ಕೆ ಎಂಥವನನ್ನು ಇಟ್ಟುಕೊಳ್ಳಬೇಕು ಎಂದು ಸಲಹೆ ಕೊಡುವುದೇ ಅವರ ಕಸುಬು. ಒಂದೇ ಕೋಣೆಯ ಕಚೇರಿ; ನಾವು ನಾಲ್ಕೈದು ಜನ. ಕೆಲಸ ಕೇಳಿಕೊಂಡು ಹೋದ ದಿನ ಅವರು ನನ್ನ ಸರ್ಟಿಫಿಕೇಟು ಮುಟ್ಟಲೂ ಇಲ್ಲ. ಒಂದು ಗಿರಣಿಗೆ ಅಟ್ಟಿದರು. ಸಂಜೆ ತಿರುಗಿ ಬಂದಾಗ ಕೇಳಿದ್ದು ಇಷ್ಟೇ: "ಅಲ್ಲಿ ಹಮಾಲರು ಯಾರ ಮಾತು ಕೇಳ್ತಾರ, ಹೇಳು."

ಮಾಲೀಕನದಲ್ಲ, ಅವನ ತಮ್ಮನದು ಎಂದೆ.

"ಹಂಗಾರ ನಾಳಿಂದ ಬಾ."

ಆರಿಸಿಕೊಳ್ಳಲು ಬಲ್ಲವರಿಗೆ ಉಳಿಸಿಕೊಳ್ಳಲು ಮಾತ್ರ ಬರಲಿಲ್ಲ. ಅವರ ವಿದ್ಯೆಯೆಲ್ಲ ಉರ್ದುವಿನಲ್ಲಿ. ಕಾಲ ಇಂಗ್ಲಿಷಿನ ಕಡೆ ಹೊರಳಿತ್ತು. ನಮ್ಮಂಥ ಇಂಗ್ಲಿಷ್ ಕಲಿತ ಹುಡುಗರನ್ನು ಅವರು ತಿದ್ದಿ ತೀಡುವುದು, ಸಲಹೆ ಕೇಳಲು ಬಂದ ಸಾಹುಕಾರರು ಸಲಹೆಯ ಜೊತೆಗೆ ಹುಡುಗನನ್ನೂ ಎತ್ತಿಕೊಂಡು ಹೋಗುವುದು. ಸೇಡಂನ ಗಿರಣಿಯವರು ನನ್ನನ್ನು ಕೇಳಿದಾಗ ಅದನ್ನು ಬಸಲಿಂಗಪ್ಪನವರಿಗೆ ಹೇಳಲು ನನಗೆ ಬಾಯಿಯೇ ಬರಲಿಲ್ಲ. ಕೊನೆಗೆ ಅವರೇ ಕರೆದರು.

"ಸೇಡಂಕ ಯಾವಾಗ ಹೋಗ್ತಿ?"

"ನೀವು ಬ್ಯಾಡಂದ್ರ ಹೋಗಂಗಿಲ್ರಿ."

"ಹುಚ್ಚ ಇದ್ದಿ ಏನು? ನಾಳಿಗೆ ನಿನಗ ಹೆಂಡ್ತಿ ಮಕ್ಳು ಆಗ್ತಾರ. ಮಂದಿ ಎಲ್ಲಾ ನನ್ನ ಸಲಹೆ ಕೇಳ್ತಾರ, ನೀನೂ ಒಮ್ಮಿ ಕೇಳು."

ನನ್ನ ಟ್ರಂಕನ್ನೂ ಅವರೇ ಹಿಡಿದರು.

ಹೀಗೆ ಎಲ್ಲರೂ ಹೋಗಿ, ಉಳಿದವರು ಮೌಲಾಸಾಬರು ಒಬ್ಬರೇ. ವಯಸ್ಸಾದ ಉರ್ದು ಗುಮಾಸ್ತರು. ಉರ್ದು ಕಾಗದವೇ ಬೇಡವಾದ ಮೇಲೆ ಅವರನ್ನು ಯಾರು ಕರೆಯುತ್ತಾರೆ? ಅವರ ಸಲುವಾಗಿಯೇ ಬಸಲಿಂಗಪ್ಪನವರು ಕಚೇರಿಯ ಬಾಗಿಲು ತೆರೆಯುತ್ತಿದ್ದರು.

ಒಂದು ದಿನ ಬಸಲಿಂಗಪ್ಪನವರು ಸೇಡಂಗೆ ನನ್ನನ್ನು ಹುಡುಕಿಕೊಂಡು ಬಂದರು. ಎಷ್ಟು ಸೊರಗಿದ್ದರೆಂದರೆ ಅಂಗಿ ಮೈಮೇಲೆ ಜೋತಾಡುತ್ತಿತ್ತು.

"ಮೌಲಾಸಾಬಗ ಒಂದು ಕೆಲ್ಸಾ ನೋಡು. ಗೋದಾಮಿನ ಬಾಗಿಲಿಗೆ ಕುಂದ್ರಿಸಿದ್ರೂ ಸೈ."

ನಮ್ಮ ಸಾಹುಕಾರರನ್ನು ಕೇಳಿ ಬಂದೆ. ಒಬ್ಬರಿಗೆ ಮಾತ್ರ ಜಾಗ ಇದೆ, ಯಾರನ್ನಾದರೂ ಇಟ್ಟುಕೋ ಎಂದಿದ್ದರು.

"ನೀವೇ ಬರ್ರಿ ಸಾಹೇಬ್ರ," ಎಂದೆ. "ಇಬ್ಬರಿಗೆ ಜಾಗ ಇಲ್ರಿ."

"ನಾ ಅವನ ಸಲುವಾಗಿ ಬಂದೀನಪಾ."

"ಮತ್ತ ನಿಮ್ಮ ಗತಿ?"

"ನಂದು ಹ್ಯಾಂಗರ ನಡೀತದ."

ಊಟಕ್ಕೂ ನಿಲ್ಲಲಿಲ್ಲ. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದೇ.

ವಾರ ಕಳೆದು ಮೌಲಾಸಾಬರು ಕೆಲಸಕ್ಕೆ ಬಂದರು. ಹೊಸ ಟೋಪಿ, ಮುಖದ ತುಂಬ ಖುಷಿ. ನನ್ನ ಕೈ ಹಿಡಿದುಕೊಂಡರು.

"ಸಾಹೇಬ್ರನ್ನ ಒಬ್ಬರನ್ನೇ ಬಿಟ್ಟು ನಾ ಬರಂಗಿಲ್ಲಂತ ಹಟ ಹಿಡಿದಿದ್ದೆ ತಮ್ಮಾ. ಆದ್ರ ಅವ್ರಿಗೂ ಹೈದರಾಬಾದಿನಾಗ ಭಾಳ ದೊಡ್ಡ ನೌಕರಿ ಸಿಕ್ಕದಂತಲ್ಲ, ಅದಕ್ಕ ಹೂಂ ಅಂದೆ. ನೀನೇ ಕೊಡಿಸಿದಿ ಅಂದ್ರು. ಖರೇನಾ?"

"ಖರೇರಿ," ಎಂದೆ.