ಏಸಿ ಪೈಪಿನೊಳಗಿನ ಇಲಿ

ಬಾಳೂರಿನ ಒಂದು ಎಸ್ಟೇಟ್ ಮನೆಯಲ್ಲಿ ಏಸಿಯ ನೀರು ಹೊರಗೆ ಹೋಗದೆ ಹಾಸಿಗೆ ಮೇಲೆ ತೊಟ್ಟಿಕ್ಕುತ್ತಿತ್ತು. ಸಂಜೆಗೆ ಬೀಗರು ಬರುವವರಿದ್ದರಿಂದ ಯಜಮಾನರಿಗೆ ಭಾರೀ ಗಡಿಬಿಡಿ. ರಿಪೇರಿಗೆ ಹೋದ ನಾನು ಒಳಗಿನಿಂದ ಪೈಪಿಗೆ ಜೋರಾಗಿ ಗಾಳಿ ಹೊಡೆದೆ. ಹೊರಗೆ ಯಾರೋ ಕಿರುಚಿದರು.

ಓಡಿಹೋಗಿ ನೋಡಿದರೆ, ಅಂಗಳದಲ್ಲಿ ಒಣಹಾಕಿದ್ದ ಕಾಳುಮೆಣಸಿನ ಪಕ್ಕ ಯಜಮಾನರ ತಾಯಿ ನಿಂತಿದ್ದಾರೆ. ಪೈಪಿನಿಂದ ಹಾರಿದ ಹಳೇ ಬಟ್ಟೆಯ ಉಂಡೆ ಅವರ ಕಾಲ ಬಳಿ ಬಿದ್ದಿದೆ.

"ನಾನೇ ತುರುಕಿದ್ದು ಮಾರಾಯ. ಇದರ ನೀರೆಲ್ಲ ಮೆಣಸಿನ ಮೇಲೇ ಬೀಳ್ತಿತ್ತು. ಮಗನಿಗೆ ಹೇಳ್ಬೇಡ, ಇಲಿ ಗೂಡು ಕಟ್ಟಿತ್ತು ಅನ್ನು."

ಪೈಪಿನ ಬಾಯನ್ನು ಚರಂಡಿ ಕಡೆ ತಿರುಗಿಸುವಷ್ಟರಲ್ಲಿ ಯಜಮಾನರು ಬಂದರು. "ಎಂತ ಆಗಿತ್ತು?"

"ಇಲಿ ಗೂಡು ಸಾರ್," ಎಂದೆ.

"ನೋಡಮ್ಮ, ನಿನ್ನ ಬೆಕ್ಕು ತಿಂದು ಮಲಗೋದೇ ಆಯ್ತು. ನಾಳೆನೇ ಅದನ್ನ ದೂರ ಬಿಟ್ಟು ಬರ್ತೀನಿ."

ತಾಯಿ ಕೆಂಡವಾದರು. "ಬೆಕ್ಕಿನ ಸುದ್ದಿಗೆ ಬಂದ್ರೆ ಜೋಕೆ! ಇಲಿಯೂ ಇಲ್ಲ, ಎಂತದೂ ಇಲ್ಲ. ಬಟ್ಟೆ ತುರುಕಿದ್ದು ನಾನು."

ಯಜಮಾನರು ನನ್ನ ಕಡೆ ತಿರುಗಿ, "ಮತ್ತೆ ನೀವು ಇಲಿ ಅಂದ್ರಲ್ಲ?" ಎಂದರು.

ಉತ್ತರಕ್ಕಾಗಿ ತಾಯಿಯೂ ನನ್ನ ಮುಖವನ್ನೇ ನೋಡುತ್ತಿದ್ದರು.