ಗುಡಿಸದೆ ಬಿಟ್ಟ ಎಲೆ

ನಮ್ಮ ಕಾರ್ಖಾನೆಯವರಿಗೆ ನೆಲಕ್ಕೆ ಬಿದ್ದ ಎಲೆಯನ್ನು ಕಂಡರಾಗದು. ಬೋಲ್ಟು ಬಿದ್ದಿದ್ದರೆ ದಾಟಿಕೊಂಡು ಹೋಗುತ್ತಾರೆ. ಎಲೆ ಬಿದ್ದಿದ್ದರೆ ಮೂರು ಜನಕ್ಕೆ ಫೋನು ಹೋಗುತ್ತದೆ. ಆ ಫೋನುಗಳಲ್ಲಿ ಕೆಲವನ್ನು ನಾನೇ ಮಾಡಿದ್ದೇನೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ವಿಶಾಖಪಟ್ಟಣದಿಂದ ಪರವಾಡಕ್ಕೆ ಹೋಗುವ ದಾರಿಯಲ್ಲಿ, ಕಾರ್ಖಾನೆಯ ಹಿಂದೆ, ಒಂದು ಕೆಂಪು ಮಣ್ಣಿನ ದಿಬ್ಬವಿದೆ. ಹಿಂದೊಮ್ಮೆ ಕಾಡಿತ್ತು ಎನ್ನುವುದಕ್ಕೆ ಸಾಕ್ಷಿಯಾಗಿ ಒಂದಷ್ಟು ಹೊಂಗೆ, ನೇರಳೆ, ಗೇರು ಅಲ್ಲಿ ಉಳಿದಿವೆ. ಅವನ್ನು ಕಡಿದು ಗಾಡಿ ನಿಲ್ಲಿಸುವ ಶೆಡ್ಡು ಹಾಕಬೇಕೆಂದು ನಮ್ಮ ದೊಡ್ಡ ಸಾಹೇಬರಿಗೆ ಆಸೆ. ಮೀಟಿಂಗಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿರಲಾರದೆ, ಮರಗಳ ಸಂದಿಯಲ್ಲಿ ಸಸಿ ನೆಟ್ಟು ಮತ್ತೆ ಕಾಡು ಎಬ್ಬಿಸಿ ತೋರಿಸುತ್ತೇನೆ ಎಂದುಬಿಟ್ಟೆ. ಸಾಹೇಬರು ಧಾರವಾಡದವರು. “ಎರಡು ಮಳಿಗಾಲ ಕೊಡ್ತೀನಿ ತಮ್ಮಾ. ಆಮ್ಯಾಲ ಶೆಡ್ಡು,” ಎಂದರು.

ಮಾಲಿ ಅಪ್ಪಲರಾಜು ಒಂದೊಂದು ಸಸಿಯನ್ನೂ ತನ್ನ ಕೈಯಾರೆ ನೆಟ್ಟ. ಮದುವೆಮನೆಯಲ್ಲಿ ಬೀಗರನ್ನು ವಿಚಾರಿಸಿಕೊಳ್ಳುವವನ ಹಾಗೆ ದಿನವೂ ಒಂದೊಂದರ ಮುಂದೆ ನಿಂತು ನೀರು ಹನಿಸಿದ. ಬೀಗರು ಮುನಿಸು ಬಿಡಲಿಲ್ಲ. ಮೊದಲ ಮಳೆಗಾಲ ಬಂದರೂ ಸಸಿಗಳು ಮೊಣಕಾಲೆತ್ತರಕ್ಕೇ ನಿಂತವು. ಎಲೆಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದವು. ರಂಜಕ ಸಾಲದೇನೋ ಎಂದು ನಾನು ಸೂಪರ್ ಫಾಸ್ಫೇಟನ್ನು ಬೊಗಸೆಗಟ್ಟಲೆ ಸುರಿದೆ. ಮಣ್ಣು ಅಷ್ಟನ್ನೂ ನುಂಗಿತು, ಸಸಿ ಒಂದು ಚಿಗುರೂ ಬಿಡಲಿಲ್ಲ. ಶೆಡ್ಡು ಬಂದರೆ ಈ ಮಕ್ಕಳನ್ನು ಎಲ್ಲಿಗೆ ಒಯ್ಯಲಿ ಬಾಬೂ ಎಂದು ಅಪ್ಪಲರಾಜು ಕೇಳಿದಾಗ, ಊರವರೆಲ್ಲರ ದನಿ ಅಣಕಿಸಿ ನಗಿಸಬಲ್ಲ ನಾನು ಗೊಬ್ಬರದ ಖಾಲಿ ಚೀಲ ಮಡಚತೊಡಗಿದೆ.

ಭಾನುವಾರ ವಿಜಯವಾಡದ ರೈಲು ಹತ್ತಿದೆ. ಬ್ಯಾಂಕಿನ ಚಿಕ್ಕಪ್ಪನಿಗೆ ಅಲ್ಲಿಗೆ ವರ್ಗವಾಗಿ, ಪಟಮಟದಲ್ಲಿ ಮನೆ. ಚಿಕ್ಕಮ್ಮ ಅಲ್ಲಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಾರೆ. ಆ ಮನೆಯಲ್ಲಿ ಮಗಳು ತೆಲುಗಿನಲ್ಲಿ ಪಪ್ಪು ಕೇಳುತ್ತಾಳೆ, ಅಮ್ಮ ಮೈಸೂರು ಕನ್ನಡದಲ್ಲಿ ತೊವ್ವೆ ಬಡಿಸುತ್ತಾರೆ, ಇಬ್ಬರಿಗೂ ಹೊಟ್ಟೆ ತುಂಬುತ್ತದೆ. ನಾನು ಇಬ್ಬರ ದನಿಯನ್ನೂ ಒಬ್ಬನೇ ಆಡಿ ತೋರಿಸಿ ಸೌಟಿನಿಂದ ಒಂದೇಟು ತಿಂದು, ಆಮೇಲೆ ಡಬ್ಬಿಯಲ್ಲಿ ತಂದಿದ್ದ ನೇರಳೆ ಬಣ್ಣದ ಎಲೆಯನ್ನು ಮುಂದಿಟ್ಟು, ದಿನಾ ಬೆಳಿಗ್ಗೆ ದಿಬ್ಬ ಗುಡಿಸಿ ಎಲೆ ಸುಟ್ಟು ಚೊಕ್ಕಟವಾಗಿ ಇಟ್ಟಿದ್ದೇವೆ ಎಂದೂ ಹೇಳಿದೆ.

ಚಿಕ್ಕಮ್ಮ ಹೇಳಿದ್ದು ಇಷ್ಟು. ನಮ್ಮಂಥ ಬಿಸಿಲು ಮಳೆಯ ಸೀಮೆಯ ಹಳೆಯ ಕೆಂಪು ಮಣ್ಣು ಮಹಾ ಜಿಪುಣ. ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಕೈಗೆ ಸಿಕ್ಕ ರಂಜಕವನ್ನು ಬಿಗಿಹಿಡಿದುಕೊಂಡು ಬಿಡುವುದೇ ಇಲ್ಲ. ಹಾಗಾದರೆ ಕಾಡು ಬದುಕುವುದು ಹೇಗೆ? ಮಣ್ಣಿನ ಕೈಗೆ ಕೊಡದೆ! ಮರವು ಎಲೆ ಉದುರಿಸುವ ಮುಂಚೆ ಅದರಲ್ಲಿದ್ದ ರಂಜಕದಲ್ಲಿ ಆದಷ್ಟನ್ನು ಹಿಂದಕ್ಕೆಳೆದುಕೊಳ್ಳುತ್ತದೆ. ಉಳಿದದ್ದು ಎಲೆಯ ಜೊತೆ ಕೆಳಗೆ ಬಂದರೆ ಗೆದ್ದಲು, ಹುಳು, ಅಣಬೆಯ ಎಳೆಗಳು ಅದನ್ನು ಬಿಡಿಸುತ್ತವೆ. ಬೇರುಗಳು ತರಗಿನೊಳಕ್ಕೇ ಕೈಯಿಟ್ಟು ಮಣ್ಣಿಗಿಂತ ಮೊದಲು ಎತ್ತಿಕೊಳ್ಳುತ್ತವೆ. ಸಾರಜನಕದ ಹಾಗೆ ಗಾಳಿಯಿಂದ ಹಿಡಿದು ತರೋಣವೆಂದರೆ ರಂಜಕಕ್ಕೆ ಆ ದಾರಿಯಿಲ್ಲ. ಇದ್ದದ್ದೇ ಎಲೆಯಿಂದ ಬೇರಿಗೆ, ಬೇರಿನಿಂದ ಎಲೆಗೆ ಸುತ್ತಬೇಕು.

“ಲೋ, ಬಡಿಸಿದ ಊಟಾನ ದಿನಾ ಬೆಳಿಗ್ಗೆ ಗುಡಿಸಿ ಸುಡ್ತಿದ್ದೀರಲ್ಲೋ,” ಎಂದರು ಚಿಕ್ಕಮ್ಮ. “ಅವು ಉಪವಾಸ ಬೀಳ್ದೆ ಇನ್ನೇನ್ ಮಾಡ್ತವೆ?”

ಮರುದಿನ ಸಾಹೇಬರಿಗೆ ಇದನ್ನೆಲ್ಲ ಒಪ್ಪಿಸಿದೆ. ಕಸ ಅಂದರೆ ಕಸ ಎಂದು ಮುಗಿಸಿದರು. ಗುಡಿಸುವವರ ಮೇಸ್ತ್ರಿಯೋ ಸಾಹೇಬರ ಮಾತಿಲ್ಲದೆ ಪೊರಕೆ ಕೆಳಗಿಡುವವನಲ್ಲ. ಆಗ ನಾನು ಮಾಡಬಾರದ ಕೆಲಸವೊಂದನ್ನು ಮಾಡಿದೆ. ನಮ್ಮ ಸಾಹೇಬರು ತೆಲುಗು ಮಾತಾಡುವಾಗಲೂ ಕೊನೆಗೊಂದು ‘ರೀ’ ಅಂಟಿಸುತ್ತಾರೆ. ಕ್ಯಾಂಟೀನಿನಲ್ಲಿ ನನಗೆ ಹೆಸರು ತಂದುಕೊಟ್ಟದ್ದೇ ಆ ‘ರೀ’ಯ ಅಣಕು. ಗೋದಾಮಿನ ಫೋನೆತ್ತಿ, ಗಂಟಲು ದಪ್ಪ ಮಾಡಿ, ದಿಬ್ಬದ ಮೇಲಿನ ಎಲೆಗಳನ್ನು ಯಾರೂ ಮುಟ್ಟಕೂಡದೆಂದು ಮೇಸ್ತ್ರಿಗೆ ತೆಲುಗಿನಲ್ಲಿ ಅಪ್ಪಣೆ ಕೊಟ್ಟೆ. “ಆಕುಲು ಮುಟ್ಟುಕೋವದ್ದು ರೀ.” ಆ ಕಡೆ ಅವನು ಎದ್ದು ನಿಂತದ್ದು ಕುರ್ಚಿಯ ಸದ್ದಿನಲ್ಲೇ ತಿಳಿಯಿತು.

ಎರಡನೆಯ ಮಳೆಗಾಲ ಮುಗಿದ ವಾರ ಸಾಹೇಬರು ಅಳತೆ ಟೇಪು ಹಿಡಿದು ದಿಬ್ಬ ಹತ್ತಿದರು. ಸಸಿಗಳು ಅಪ್ಪಲರಾಜುವಿನ ಭುಜ ಮುಟ್ಟಿದ್ದವು. ಸಾಹೇಬರ ಕಣ್ಣು ಮಾತ್ರ ಮೊದಲು ಹೋದದ್ದು ಬೂಟು ಹೂತುಹೋಗುತ್ತಿದ್ದ ತರಗಿನ ಕಡೆಗೆ. ಇದನ್ನು ಹೀಗೇ ಬಿಡಲು ಹೇಳಿದವರು ಯಾರು ಎಂದು ಮೇಸ್ತ್ರಿಯನ್ನು ಕೇಳಿದರು. ತಾವೇ ಫೋನಿನಲ್ಲಿ ಹೇಳಿದಿರಲ್ಲ ಸಾರ್ ಎಂದ ಅವನು. ನಾನು ಒಂದು ನೇರಳೆ ಮರದ ತೊಗಟೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದೆ. ಅಪ್ಪಲರಾಜು ಹತ್ತಿರದ ಸಸಿಯೊಂದನ್ನು ಹಿಡಿದುಕೊಂಡು ನಿಂತ.

ಸಾಹೇಬರು ಬಗ್ಗಿ ತರಗನ್ನು ಸರಿಸಿದರು. ಅಡಿಯಲ್ಲಿ ಬಿಳಿಯ ಎಳೆಗಳು, ಒದ್ದೆ ವಾಸನೆ, ಎಲೆಗಳನ್ನು ಹೊಲಿದಂತೆ ಹಬ್ಬಿದ ಸಣ್ಣ ಸಣ್ಣ ಬೇರು. ಒಂದು ಬೇರನ್ನು ಬೆರಳಲ್ಲಿ ಎತ್ತಿ ನೋಡಿದರು. ಆಮೇಲೆ ನನ್ನನ್ನೂ ನೋಡಿದರು.

“ಹೌದು. ನಾನಽ ಹೇಳಿದ್ದೆ,” ಎಂದು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡರು.

ಇಳಿಯುತ್ತಾ ನನ್ನ ಪಕ್ಕಕ್ಕೆ ಬಂದು, ಕತ್ತು ಓರೆ ಮಾಡಿ, ಮೂಗಿನಲ್ಲಿ ರಾಗ ಎಳೆದು, ಮೆಲ್ಲಗೆ ಅಂದರು: “ಸಾರ್, ಒಂದೇ ಒಂದ್ ಮಾತು ಸಾರ್, ತಪ್ಪ್ ತಿಳ್ಕೋಬೇಡಿ ಸಾರ್...”

ಅದು ನಾನೇ! ನಾನು ಹಾಗೆಯೇ ಮಾತಾಡುವುದೆಂದು ಹಿಂದೆಯೇ ಇಳಿಯುತ್ತಿದ್ದ ಅಪ್ಪಲರಾಜುವಿನ ನಗು ಹೇಳಿತು. ಊರವರ ದನಿಯೆಲ್ಲ ನನ್ನ ಬಾಯಲ್ಲಿ ಸುತ್ತುತ್ತಿದೆ ಎಂದು ನಾನು ಬೀಗುತ್ತಿದ್ದಾಗ, ನನ್ನದೂ ಯಾರ ಯಾರ ಬಾಯಲ್ಲೋ ಸುತ್ತುತ್ತಿತ್ತು. ಕೊಟ್ಟದ್ದು ಹೀಗೆ ತಿರುಗಿ ಬರುತ್ತಿದ್ದರೆ ಬಡ ಮಣ್ಣಿನಲ್ಲೂ ಕಾಡು ನಿಲ್ಲುತ್ತದೆ. ನನಗಿರುವ ಬೇಸರ ಒಂದೇ: ಸಾಹೇಬರು ನನ್ನ ದನಿಯನ್ನು ನನಗಿಂತ ಚೆನ್ನಾಗಿ ತೆಗೆಯುತ್ತಾರೆ.