ಅಜ್ಜಿ ಒಪ್ಪಿಕೊಂಡ ತಪ್ಪು

ಎಸ್ತರ್, ನಮ್ಮಜ್ಜಿಯ ಬಗ್ಗೆ ನಾನು ನಿಮಗೆಲ್ಲ ಹೇಳಿದ್ದು ಸುಳ್ಳು. ಅಮ್ಮನ ಶುಕ್ರವಾರದ ದೀಪವನ್ನು ಅವಳು ಆರಿಸಲಿಲ್ಲ. ಅಮ್ಮ ಹೋದ ಮೇಲೆ ಅದನ್ನು ಹಚ್ಚುತ್ತಿದ್ದವಳೇ ಅವಳು.

ಇಷ್ಟು ಬರೆಯಲು ನನಗೆ ಎಷ್ಟೋ ವರ್ಷ ಹಿಡಿಯಿತು.

ನಿನಗೆ ಗೊತ್ತಿರುವುದು ಅರ್ಧ ಕತೆ. ಅಮ್ಮ ಕೊಂಕಣದ ಕಡೆಯ ಯಹೂದಿ ಮನೆತನದವಳು. ಮಂಡ್ಯಕ್ಕೆ ನರ್ಸಾಗಿ ಬಂದವಳು ವೈದ್ಯನಾಥಪುರದ ಗೌಡರ ಮನೆಯ ನಮ್ಮಪ್ಪನನ್ನು ಮದುವೆಯಾದಳು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡಳು. ಉಳಿದರ್ಧ ಇದು — ಆಮೇಲೆ ಪ್ರತಿ ಶುಕ್ರವಾರ ಅಜ್ಜಿ ಹೊತ್ತು ಮುಳುಗಿ ಸಬ್ಬತ್ತಿನ ವಿಶ್ರಾಂತಿ ದಿನ ಶುರುವಾಗುವ ಮುಂಚೆ ಗದ್ದೆಯಿಂದ ಬಂದು, ಕೈಕಾಲು ತೊಳೆದು, ಅಮ್ಮನ ಗಾಜಿನ ಲೋಟಕ್ಕೆ ನೀರು, ಅದರ ಮೇಲೆ ಕೊಬ್ಬರಿ ಎಣ್ಣೆ ಹಾಕಿ ಬತ್ತಿ ಹಚ್ಚುತ್ತಿದ್ದಳು. ಅಮ್ಮನ ಹಾಗೆಯೇ ತಲೆಯ ಮೇಲೆ ಸೆರಗು. ಮಂತ್ರ ಬರುತ್ತಿರಲಿಲ್ಲ. "ನಮ್ ಸೊಸೆ ದೇವ್ರೇ, ಮಗೀನ ಚೆಂದಾಗ್ ಮಡಗಪ್ಪ" ಅನ್ನುತ್ತಿದ್ದಳು, ಅಷ್ಟೇ. ಬಾಡೂಟ ಮಾಡಿದ ದಿನ ಯಾರು ಕೇಳಿದರೂ ಮಜ್ಜಿಗೆ ಬಡಿಸುತ್ತಿರಲಿಲ್ಲ. ಮಾಂಸದ ಜೊತೆ ಹಾಲು ಮಜ್ಜಿಗೆ ಸೇರಬಾರದೆಂದು ಅಮ್ಮ ಬಡಿಸುತ್ತಿರಲಿಲ್ಲವಲ್ಲ, ಅದಕ್ಕೆ.

ಡಿಗ್ರಿಯ ಎರಡನೇ ವರ್ಷದಲ್ಲಿ ಮುಂಬೈಯ ಸೋದರಮಾವ ಫೋನು ಮಾಡಿದರು. ಕಾಲೇಜು ಓದುವ ಯಹೂದಿ ಮಕ್ಕಳಿಗೆ ಒಂದು ವರ್ಷದ ತರಬೇತಿಯಿದೆ, ಹಳೆಯ ಗ್ರಂಥಗಳನ್ನು ಓದಿಸಿ ಚರ್ಚೆ ಮಾಡಿಸುತ್ತಾರೆ, ಮುಂದಾಳತ್ವ ಕಲಿಸುತ್ತಾರೆ, ಸೇರಿಕೋ ಎಂದರು. ಅಪ್ಪ ಹಿಂದೆಮುಂದೆ ನೋಡಿದರು. ನನ್ನನ್ನು ಕಳಿಸಿದವಳು ಅಜ್ಜಿ. "ಅವರವ್ವನ ಕಡೇದು ಅವಳ್ಗೂ ತಿಳೀಲಿ. ಓಗ್ಲಿ ಬುಡು" ಅಂದಳು.

ಮೊದಲ ಸಂಜೆ ನಾವೆಲ್ಲ ಸುತ್ತ ಕೂತು ನಮ್ಮ ನಮ್ಮ ಮನೆಯ ಬಗ್ಗೆ ಹೇಳಬೇಕಿತ್ತು. ನಿಮಗೆಲ್ಲ ಹೀಬ್ರೂ ಬರುತ್ತಿತ್ತು. ನೀವೆಲ್ಲ ಹೇಳಿದ್ದು ತಾತ ಕಲಿಸಿದ ಪ್ರಾರ್ಥನೆ, ಮನೆಯ ಪಕ್ಕದ ಸಿನಗಾಗ್ ಮಂದಿರ — ನನಗೆ ಒಂದಕ್ಷರವೂ ಗೊತ್ತಿರಲಿಲ್ಲ. ಮದ್ದೂರಿನ ಕಡೆಯ ಗೌಡತಿಯೊಬ್ಬಳು ನನಗೆ ಇಷ್ಟನ್ನು ಉಳಿಸಿಕೊಟ್ಟಳು ಎಂದರೆ ನೀವು ನಗಬಹುದು ಅನ್ನಿಸಿತು. ಅನ್ನಿಸಿತು, ಅಷ್ಟೇ. ಯಾರೂ ನಕ್ಕಿರಲಿಲ್ಲ.

"ಅಮ್ಮ ಹೋದ ಮೇಲೆ ಅಜ್ಜಿ ಆ ದೀಪ ಆರಿಸಿಬಿಟ್ಟಳು. ಮತ್ತೆ ಹಚ್ಚಲು ಬಿಡಲಿಲ್ಲ" ಎಂದೆ.

ನೀನು ನನ್ನ ಕೈ ಹಿಡಿದುಕೊಂಡೆ. ಅವತ್ತಿನಿಂದ ನಾನು ಬಾಯಿ ತೆರೆದರೆ ಎಲ್ಲರೂ ಕೇಳುತ್ತಿದ್ದರು. ಗ್ರಂಥದ ಒಂದೇ ಸಾಲನ್ನು ನಾವಿಬ್ಬರೂ ಗಂಟೆಗಟ್ಟಲೆ ಎಳೆದಾಡಿ ಜಗಳವಾಡಿದ್ದು, ಹೀಬ್ರೂ ಅಕ್ಷರಗಳನ್ನು ನೀನು ತಿದ್ದಿಸಿದ್ದು — ಆ ಸಂತೋಷ ನಿಜವಾದದ್ದು. ವರ್ಷದ ಕೊನೆಗೆ ತಂಡವನ್ನು ನಡೆಸಲು ನನ್ನನ್ನೇ ಆರಿಸಿದರು. ಬೇಡ ಅನ್ನಲಿಲ್ಲ ನಾನು.

ಆಮೇಲೆ ನೀನು ಬೆಂಗಳೂರಿನಿಂದ ನಮ್ಮ ಮನೆಗೆ ಬಂದೆ. ಮದ್ದೂರು ಸ್ಟೇಷನ್ನಿನಿಂದ ನಿನ್ನನ್ನು ಸ್ಕೂಟರಿನಲ್ಲಿ ಕರೆತಂದೆ. ಅವತ್ತು ಶುಕ್ರವಾರ — ನನಗೆ ಗೊತ್ತಿತ್ತು. ಬೇರೆ ದಿನ ಬಾ ಅನ್ನಬಹುದಿತ್ತು... ದಾರಿಯಲ್ಲಾದರೂ ಹೇಳಬಹುದಿತ್ತು.

ಅಜ್ಜಿ ಎಣ್ಣೆ ಬಾಟಲಿ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದಳು. ನೀನು ಮೆತ್ತಗೆ, ಒಂಚೂರೂ ಸಿಟ್ಟಿಲ್ಲದೆ ಕೇಳಿದೆ. "ಅಜ್ಜಿ, ಇವಳಮ್ಮನ ದೀಪ ಯಾಕೆ ಆರಿಸಿಬಿಟ್ರಿ?"

ಅಜ್ಜಿ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಏನೋ ಕಣವ್ವ, ಆಗ ತಿಳೀನಿಲ್ಲ. ತೆಪ್ಪಾಗೋಯ್ತು."

ಹಾಗೆಂದು ಬಾಟಲಿಯನ್ನು ಒಳಗಿಟ್ಟು ಬಂದಳು. ನೀನು ನಿನ್ನ ಚೀಲದಿಂದ ಮೇಣದಬತ್ತಿ ತೆಗೆದು ಹಚ್ಚಿದೆ. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ತಲೆಯ ಮೇಲೆ ಸೆರಗು ಎಳೆದುಕೊಳ್ಳಲಿಲ್ಲ. ಅವಳ ಮನೆಯಲ್ಲೇ ಅವಳು ಹೊರಗಿನವಳ ಹಾಗೆ — ನಾನು ಅದನ್ನೂ ನೋಡಿಕೊಂಡು ಸುಮ್ಮನಿದ್ದೆ.

ನೀನು ಹೋದ ಮೇಲೆ ನಾನು "ಅಜ್ಜಿ, ಅದು..." ಎಂದು ಶುರುಮಾಡಿದೆ. ಅವಳು ಮುಂದೆ ಹೇಳಲು ಬಿಡಲಿಲ್ಲ. "ಬುಡವ್ವ. ನಾನು ಇಲ್ಲ ಅಂದಿದ್ರೆ ಆ ಮಗೀನ ಮುಂದೆ ನಿನ್ ಮಾನ ಉಳೀತಿತ್ತಾ?" ಮುಂದಿನ ಶುಕ್ರವಾರ ಬೆಂಕಿಪೊಟ್ಟಣ ತಂದು ನನ್ನ ಕೈಗೆ ಕೊಟ್ಟಳು. "ಇನ್ಮೇಕೆ ನೀನೇ ಅಚ್ಚು. ನಿಂಗೆ ಮಂತ್ರ ಬತ್ತದಲ್ಲ." ಆಮೇಲೆ ಅವಳು ಯಾವತ್ತೂ ಹಚ್ಚಲಿಲ್ಲ.

ನಾನು ಹಚ್ಚಿದೆ, ಸರಿಯಾದ ಉಚ್ಚಾರಣೆಯಲ್ಲಿ. ಕ್ಷಮಿಸು ಅಂತ ಮಾತ್ರ ಕೇಳಲಿಲ್ಲ. ಮಳವಳ್ಳಿಯಲ್ಲಿ ಟೀಚರ್ ಕೆಲಸ ಸಿಕ್ಕಿ, ವಾರಕ್ಕೊಮ್ಮೆ ಊರಿಗೆ ಹೋಗಿಬರುವಾಗ ಪ್ರತಿ ಸಲವೂ ಕೇಳಬೇಕು ಅಂದುಕೊಳ್ಳುತ್ತಿದ್ದೆ. ಹೋದ ವರ್ಷ ಅವಳು ತೀರಿಕೊಂಡಳು.

ಈಗ ನೀನೇ ಆ ತರಬೇತಿ ನಡೆಸುತ್ತಿದ್ದೀಯ. ಹೊಸ ವಿದ್ಯಾರ್ಥಿಗಳ ಮುಂದೆ ಮಾತಾಡು ಎಂದು ನನ್ನನ್ನು ಕರೆದಿದ್ದೀಯ. ಬಂದರೆ ಇದನ್ನೇ ಹೇಳುತ್ತೇನೆ. ಇದನ್ನು ಓದಿದ ಮೇಲೆ ಬರುವುದು ಬೇಡ ಅನ್ನಿಸಿದರೆ ಹೇಳಿಬಿಡು, ಬರುವುದಿಲ್ಲ. ಆದರೆ ಆ ಸಂಜೆ ನಮ್ಮ ಜೊತೆ ಸುತ್ತ ಕೂತಿದ್ದವರಿಗೆಲ್ಲ ಒಬ್ಬೊಬ್ಬರಿಗೂ ಫೋನು ಮಾಡಿ ಹೇಳುತ್ತೇನೆ.

ನಮ್ಮಜ್ಜಿಯ ಹೆಸರು ಚಿಕ್ಕತಾಯಮ್ಮ. ಅದನ್ನೂ ನಾನು ನಿಮಗ್ಯಾರಿಗೂ ಹೇಳಿರಲಿಲ್ಲ.